ಸಮುವೇಲ ಪೀಪ್ಸನ ಚರಿತ್ರೆಯೂ ಅವನು ಕೂಡಿಸಿಟ್ಟ ಹಾಡಿನ ಹಾಳೆಗಳೂ

ಇಂಗ್ಲೆಂಡ್ ದೇಶದ ಲಂಡನ್ ಪಟ್ಟಣದಲ್ಲಿ ಫ್ಲೀಟ್ ಬೀದಿಯ ಬಳಿಯಲ್ಲಿ ಜಾನ್ ಪೀಪ್ಸ್ ಎಂಬ ಒಬ್ಬ ದರ್ಜಿಯು ವಾಸವಾಗಿದ್ದನು. ಅವನ ಹನ್ನೊಂದು ಮಕ್ಕಳಲ್ಲಿ ಐದನೆಯವನಾಗಿ ಸಮುವೇಲನು 1633ನೆಯ ಇಸವಿ ಫೆಬ್ರವರಿ 23ನೆಯ ತಾರೀಖಿನಲ್ಲಿ ಹುಟ್ಟಿದನು. ಆ ಮಕ್ಕಳಲ್ಲಿ ಹೆಚ್ಚಿನವರು ಎಳೆಯ ಪ್ರಾಯದಲ್ಲಿಯೇ ತೀರಿಹೋದರು. ಈ ಮನೆತನದ ಹೆಸರನ್ನು ಅವರ ಭಾಷೆಯಲ್ಲಿ ಬರೆಯುವ ರೀತಿ ಒಂದು, ಉಚ್ಚರಿಸುವ ರೀತಿ ಇನ್ನೊಂದು. ನಾವು ಉಚ್ಚಾರವನ್ನೇ ಅನುಸರಿಸಿ ಪೀಪ್ಸ್ ಎಂದು ಬರೆದಿದ್ದೇವೆ.

ಹುಡುಗನು ಬುದ್ಧಿವಂತನಾಗಿದ್ದದರಿಂದ ಲಂಡನಿನ ಸಂತ ಪೌಲನ ಶಾಲೆಯಲ್ಲಿಯೂ, 1651ನೆಯ ಇಸವಿಯಿಂದ ಕೇಂಬ್ರಿಜ್ ಪಟ್ಟಣದ ಮಾಡ್ಲಿನ್ ಕಾಲೇಜಿನಲ್ಲಿಯೂ ವಿದ್ಯೆಯನ್ನು ಕಲಿತನು. ಮಗ್ದಲದ ಮರಿಯಳ ಹೆಸರನ್ನು ಹೊತ್ತ ಕಾಲೇಜು ಅದು. ಅವನ ಬಾಲ್ಯವು ದೊಡ್ಡ ಗಲಿಬಿಲಿಯ ಕಾಲವಾಗಿತ್ತು. ಅರಸನಿಗೂ ಪಾರ್ಲಿಮೆಂಟು ಸಭೆಗೂ ಯುದ್ಧವು ನಡೆದು, 1649ರಲ್ಲಿ ಮೊದಲನೆಯ ಚಾರ್ಲ್ಸ್ ಅರಸನ ತಲೆಯನ್ನು ಬಹಿರಂಗವಾಗಿ ಕಡಿದಾಗ, ಹದಿನಾರು ವರುಷ ತುಂಬದ ಸಮುವೇಲನು ಆ ಜನರ ಗುಂಪಿನಲ್ಲಿ ನಿಂತು ನೋಡಿದನು. 1655ರಲ್ಲಿ ಎಲಿಜಬೆತ್ ಎಂಬವಳನ್ನು ಮದುವೆಮಾಡಿಕೊಂಡನು. ಅವರಿಗೆ ಮಕ್ಕಳಾಗಲಿಲ್ಲ. 1658ರ ಮಾರ್ಚ್ 26ರಲ್ಲಿ ವೈದ್ಯನು ಅವನ ಮೂತ್ರಾಶಯದಿಂದ ಒಂದು ದೊಡ್ಡ ಕಲ್ಲನ್ನು ಕೊಯ್ದು ತೆಗೆದನು. ಮೈಮರೆಸುವ ಔಷಧವೇ ಇಲ್ಲದಿದ್ದ ಆ ದಿನಗಳಲ್ಲಿ ಇಂಥ ಶಸ್ತ್ರಕ್ರಿಯೆಯಿಂದ ಬದುಕಿ ಉಳಿದವರು ಭಾಗ್ಯವಂತರೆಂದೇ ಎಣಿಸಲ್ಪಡುತ್ತಿದ್ದರು. ಆಮೇಲೆ ಪ್ರತಿವರುಷವೂ ಅದೇ ದಿನದಲ್ಲಿ ಸ್ನೇಹಿತರಿಗೆ ಊಟವಿಕ್ಕಿ ದೇವರಿಗೆ ಸ್ತೋತ್ರ ಸಲ್ಲಿಸುವದನ್ನು ಅವನು ವಾಡಿಕೆ ಮಾಡಿಕೊಂಡನು. ಆ ಕಲ್ಲನ್ನೋ, ಬಿಸಾಡದೆ, ಅದಕ್ಕೆಂದೇ ಒಂದು ಪೆಟ್ಟಿಗೆಯನ್ನು ಮಾಡಿಸಿ ಇಟ್ಟುಕೊಂಡನು. ಬೇರೆಯವರು ಕಣ್ಣೆತ್ತಿಯೂ ನೋಡಲಾರದ ವಸ್ತುವನ್ನು ಜೋಪಾನವಾಗಿ ಇಡುವ ಗುಣವು ಅವನಲ್ಲಿ ಆಗಲೇ ಇತ್ತೆಂಬದಕ್ಕೆ ಇದೊಂದು ಗುರುತು.

1660ರಲ್ಲಿ ಅರಸುತನವು ಮತ್ತೆ ಸ್ಥಾಪಿತವಾದಾಗ, ತನ್ನ ಬಂಧುವಾದ ಎಡ್ವರ್ಡ್ ಮಾಂಟೆಗ್ಯು ಎಂಬ ಪ್ರಭುವಿನ ದಯೆಯಿಂದ ಪೀಪ್ಸನಿಗೆ ನೌಕಾ ಕಚೇರಿಯಲ್ಲಿ ದೊಡ್ಡ ಉದ್ಯೋಗವು ದೊರೆಯಿತು. ಹಡಗುಗಳ ಮರ, ಹಗ್ಗ, ಹಾಯಿ, ನಾವಿಕರ ಸಂಬಳ, ಕಾಳುಕಡಿ ಇವೆಲ್ಲವುಗಳ ಲೆಕ್ಕವನ್ನು ಅವನು ಮುಂಜಾನೆ ಬೇಗನೆ ಎದ್ದು ಕಲಿತು, ಮೋಸಗಾರರು ಕಣ್ಣು ತಪ್ಪಿಸಲಾರದಷ್ಟು ಗಟ್ಟಿಗನಾದನು. ಅದೇ ವರುಷದ ಜನವರಿ 1ರಿಂದ ಒಂದು ದಿನಚರಿಯನ್ನು ಶೀಘ್ರಲಿಪಿಯಲ್ಲಿ ಬರೆಯತೊಡಗಿ, ಕಣ್ಣು ಹೋದೀತೆಂಬ ಭಯದಿಂದ 1669ರ ಮೇ 31ರಲ್ಲಿ ನಿಲ್ಲಿಸಿದನು. ಅದೇ ನವೆಂಬರದಲ್ಲಿ ಅವನ ಹೆಂಡತಿಯು ತೀರಿಹೋದಳು. ದಿನಚರಿಯಿಂದಲೇ ಅವನ ಹೆಸರು ಲೋಕಪ್ರಸಿದ್ಧವಾಗಿದೆ. 1665ರ ಮಹಾಮಾರಿಯನ್ನೂ 1666ರ ದೊಡ್ಡ ಬೆಂಕಿಯನ್ನೂ ಕಣ್ಣಾರೆ ಕಂಡು ಬರೆದವನು ಅವನೇ. ತನ್ನ ಪಾಪಗಳನ್ನೂ ಅದರಲ್ಲಿ ಬಚ್ಚಿಡದೆ ಬರೆದಿದ್ದಾನೆ. ಪರಸ್ತ್ರೀಯರ ವಿಷಯದಲ್ಲಿ ಹೆಂಡತಿಗೆ ಅವನು ಮಾಡಿದ ದ್ರೋಹವು ಸಣ್ಣದಲ್ಲ. ಗುತ್ತಿಗೆದಾರರಿಂದ ಅವನು ತೆಗೆದುಕೊಂಡ ಕಾಣಿಕೆಗಳನ್ನು ನಾವು ಲಂಚವೆಂದೇ ಕರೆಯಬೇಕು. ಇವನನ್ನು ಪರಿಶುದ್ಧ ಪುರುಷನೆಂದು ವಾಚಕರ ಮುಂದೆ ನಿಲ್ಲಿಸುವದು ನಮ್ಮ ಉದ್ದೇಶವಲ್ಲ. ಆದರೆ ಬಡಜನರು ಓದಿ ಹಾಡಿ ಬಿಸಾಡಿದ ಕಾಗದಗಳ ವಿಷಯದಲ್ಲಿ ಅವನು ಮಾಡಿದ ಕೆಲಸವನ್ನು ದಿನಚರಿಯಷ್ಟು ಜನರು ಅರಿತಿಲ್ಲವಾದದರಿಂದ, ಅದನ್ನು ಇಲ್ಲಿ ವಿಸ್ತಾರವಾಗಿ ಹೇಳುವೆವು.

ಆ ಕಾಗದಗಳು ಎಂಥವೆಂದರೆ, ದೊಡ್ಡ ಹಾಳೆಯ ಒಂದೇ ಮಗ್ಗುಲಲ್ಲಿ ಒಂದು ಪದವನ್ನು ಅಚ್ಚುಹಾಕಿ, ಮೇಲ್ಗಡೆಯಲ್ಲಿ ಮರದ ಹಲಗೆಯಲ್ಲಿ ಕೆತ್ತಿದ ಚಿತ್ರವೊಂದನ್ನು ಒತ್ತಿ, ಅರ್ಧ ಪೆನ್ನಿಗೋ ಒಂದು ಪೆನ್ನಿಗೋ ಮಾರುತ್ತಿದ್ದರು. ಅಕ್ಷರಗಳು ದಪ್ಪವಾದ ಹಳೆಯ ಕರಿಯಕ್ಷರಗಳು. ಯಾಕಂದರೆ ಹಳ್ಳಿಯ ಮಕ್ಕಳು ಓದಲು ಕಲಿಯುತ್ತಿದ್ದದ್ದು ಆ ಅಕ್ಷರಗಳಿಂದಲೇ. ಸ್ವರಗಳ ಗುರುತು ಸಾಮಾನ್ಯವಾಗಿ ಇರುತ್ತಿರಲಿಲ್ಲ. ನಮ್ಮ ಗೀತಪುಸ್ತಕಗಳಲ್ಲಿ ಧಾಟಿಯನ್ನು ಮೇಲೆ ಬರೆಯುವಂತೆ, ಇಂಥ ಹಾಡಿನ ಧಾಟಿಯಲ್ಲಿ ಹಾಡತಕ್ಕದ್ದು ಎಂದು ಹೆಸರನ್ನು ಮಾತ್ರ ಕೊಡುತ್ತಿದ್ದರು. ಧಾಟಿಯು ಎಲ್ಲರಿಗೂ ಬಾಯಿಪಾಠವಾಗಿತ್ತು. ಮಾರುವವನು ಅಥವಾ ಮಾರುವವಳು ಸಂತೆಯಲ್ಲಿ, ಜಾತ್ರೆಯಲ್ಲಿ, ಬೀದಿಯ ಮೂಲೆಯಲ್ಲಿ ನಿಂತು ಗಟ್ಟಿಯಾಗಿ ಹಾಡಿದರೆ ಜನರು ಕೂಡಿ ಕೇಳಿ ಕೊಂಡುಕೊಳ್ಳುವರು. ಓದಲಾರದವನೂ ಕೇಳಿ ಕಲಿತು, ಹಾಳೆಯನ್ನು ಚಿತ್ರಕ್ಕಾಗಿ ಮನೆಯ ಗೋಡೆಗೆ ಅಂಟಿಸುವನು. ಲಾವಣಿಕಾರರ ಸುತ್ತ ಜನರು ಮುತ್ತುವದನ್ನು ಕಂಡ ನಮ್ಮ ವಾಚಕರಿಗೆ ಇದು ಅಪರಿಚಿತವಾದ ನೋಟವಾಗಲಾರದು.

ಅಚ್ಚುಹಾಕುವವರು ಜಿಪುಣರಾಗಿದ್ದರು. ಒಂದೇ ಮರದ ಚಿತ್ರವು ಒಂದು ಹಾಳೆಯಲ್ಲಿ ರಾಣಿಯಾಗಿಯೂ, ಹತ್ತು ವರುಷದ ಮೇಲೆ ಇನ್ನೊಂದರಲ್ಲಿ ಗಂಡನನ್ನು ಕೊಂದ ಹೆಂಗಸಾಗಿಯೂ ಕಾಣಿಸಿಕೊಳ್ಳುವದುಂಟು. ವಿಷಯಗಳು ಎಲ್ಲಾ ತರದವು. ಪಶ್ಚಾತ್ತಾಪ, ಮರಣ, ನ್ಯಾಯತೀರ್ಪಿನ ದಿನ ಇವುಗಳ ಮೇಲೆ ಪದಗಳಿದ್ದವು. ಯುದ್ಧ, ಹಡಗು, ಪ್ರೇಮ, ಕುಡುಕರ ಹಾಸ್ಯ, ಗಂಡಹೆಂಡಿರ ಜಗಳ ಇವುಗಳ ಮೇಲೂ ಇದ್ದವು. ಗಲ್ಲಿಗೇರಿದ ಕೊಲೆಗಾರರ ಪದಗಳನ್ನು ಫಾರ್ಚೂನ್ ಮೈ ಫೋ ಎಂಬ ದುಃಖದ ಧಾಟಿಯಲ್ಲಿ ಬಹಳ ಸಾರಿ ಹಾಡುತ್ತಿದ್ದದರಿಂದ, ಅದಕ್ಕೆ ಗಲ್ಲಿನ ಧಾಟಿ ಎಂದೇ ಹೆಸರಾಯಿತು.

ದೈವಭಕ್ತರಾದ ಹಿರಿಯರು ಈ ಹಾಳೆಗಳನ್ನು ಏನು ಮಾಡಬೇಕೆಂದು ಬಹುಕಾಲ ತೊಳಲಾಡಿದರು. ಮತಸುಧಾರಣೆಯ ಮೊದಲ ದಿನಗಳಲ್ಲಿ ಕೆಲವರು ಜನಪ್ರಿಯವಾದ ಧಾಟಿಗಳನ್ನೇ ತೆಗೆದುಕೊಂಡು ಅವುಗಳಿಗೆ ಭಕ್ತಿಯ ಮಾತುಗಳನ್ನು ಸೇರಿಸಿ ಹಂಚಿದರು. ಮುಂದಿನವರಿಗೆ ಇದು ಸಾಲದೆಂದು ತೋರಿತು. ಅರಸನನ್ನು ಕೊಂದ ಅದೇ 1649ರ ಸೆಪ್ಟೆಂಬರದಲ್ಲಿ ಪಾರ್ಲಿಮೆಂಟು ಸಭೆಯು ಮಾಡಿದ ಕಾನೂನಿನ ಪ್ರಕಾರ, ಹಾಡಿನ ಹಾಳೆ ಮಾರುವವರನ್ನು ಹಿಡಿದು, ಹಾಳೆಗಳನ್ನು ಕಿತ್ತುಕೊಂಡು, ಅಲೆಮಾರಿ ಕಳ್ಳರಿಗೆ ಮಾಡುವಂತೆ ಸೆರೆಮನೆಯಲ್ಲಿ ಅವರಿಗೆ ಚಾವಟಿಯ ಏಟು ಕೊಡಬಹುದಾಗಿತ್ತು. ಆದಾಗ್ಯೂ ಹಾಡುಗಳು ನಿಲ್ಲಲಿಲ್ಲ. ಹಾಳೆಗಳು ಮಾತ್ರ ಉಳಿಯಲಿಲ್ಲ. ಚಾವಟಿಗೆ ಹೆದರಿದ್ದರಿಂದ ಅಲ್ಲ, ಬೆಲೆಯಿಲ್ಲದ ಕಾಗದವು ಎಲ್ಲಾ ಮನೆಗಳಲ್ಲಿಯೂ ಒಂದೇ ದಾರಿ ಹಿಡಿಯುವದರಿಂದ. ರೊಟ್ಟಿಯ ತಟ್ಟೆಯ ಕೆಳಗೆ ಹಾಸುವದು, ಸಾಮಾನು ಕಟ್ಟುವದು, ಒಲೆ ಹೊತ್ತಿಸುವದು, ಇಷ್ಟೇ ಅದರ ಕಡೆ.

1666ರ ಸೆಪ್ಟೆಂಬರ 2ನೆಯ ತಾರೀಖಿನಲ್ಲಿ ಹೊತ್ತಿದ ಬೆಂಕಿಯು ಲಂಡನಿನ ಬಹುಭಾಗವನ್ನು ಬೂದಿಮಾಡಿತು. ಪೀಪ್ಸನು ದೋಣಿಯಲ್ಲಿ ಅರಸನ ಬಳಿಗೆ ಹೋಗಿ, ಮನೆಗಳನ್ನು ಕೆಡವಿ ಬೆಂಕಿಯ ದಾರಿಯನ್ನು ಕಡಿಯಬೇಕೆಂದು ಬಿನ್ನವಿಸಿದನು. ತನ್ನ ಬೆಲೆಯುಳ್ಳ ವಸ್ತುಗಳನ್ನು ರಾತ್ರಿಯ ಉಡುಪಿನಲ್ಲಿಯೇ ಬಂಡಿಯ ಮೇಲೆ ಕೂತು ಊರ ಹೊರಗೆ ಸಾಗಿಸಿದನು. ದ್ರಾಕ್ಷಾರಸವನ್ನೂ ಇಟಲಿ ದೇಶದ ಗಿಣ್ಣನ್ನೂ ತೋಟದಲ್ಲಿ ಗುಂಡಿ ತೋಡಿ ಹೂತಿಟ್ಟನು. ಪುಸ್ತಕ ಮಾರುವವರು ತಮ್ಮ ಪುಸ್ತಕಗಳನ್ನು ಸಂತ ಪೌಲನ ದೊಡ್ಡ ದೇವಾಲಯದ ನೆಲಮಾಳಿಗೆಯಲ್ಲಿ ಭದ್ರವೆಂದು ತುಂಬಿಸಿದ್ದರು. ದೇವಾಲಯದ ಮಾಡು ಕುಸಿದು ಅವೆಲ್ಲಾ ಸುಟ್ಟುಹೋದವು. ಕಲ್ಲಿನ ದೇವಾಲಯದಲ್ಲಿಟ್ಟ ಪುಸ್ತಕಗಳ ಗತಿಯೇ ಹೀಗಾದ ಮೇಲೆ ಗೋಡೆಗೆ ಅಂಟಿಸಿದ ಹಾಳೆಗಳ ಗತಿಯನ್ನು ಹೇಳುವದೇನು! ಪೀಪ್ಸನ ಮನೆಯು ಆ ಸಾರಿ ಉಳಿಯಿತು. 1673ರ ಜನವರಿಯಲ್ಲಿ ನೌಕಾ ಕಚೇರಿಗೇ ಬೆಂಕಿ ಬಿದ್ದಾಗ ಅವನ ಮನೆಯು ಸುಟ್ಟುಹೋಯಿತು, ಪುಸ್ತಕಗಳು ಮಾತ್ರ ತಪ್ಪಿಸಿಕೊಂಡವು.

ಅವನಿಗೆ ಸಂಗೀತದಲ್ಲಿ ಅತಿಶಯವಾದ ಆಸೆ ಇತ್ತು. 1666ರ ಜನವರಿ 2ರಲ್ಲಿ ಒಬ್ಬ ನಟಿಯು ಬಾರ್ಬರಾ ಆಲನ್ ಎಂಬ ಹಾಡನ್ನು ಹಾಡಿದ್ದನ್ನು ಕೇಳಿ ಸಂತೋಷಪಟ್ಟದ್ದನ್ನು ದಿನಚರಿಯಲ್ಲಿ ಬರೆದಿದ್ದಾನೆ. ಇಂದಿಗೂ ಇಂಗ್ಲಿಷರ ಮತ್ತು ಅಮೇರಿಕದವರ ಬಾಯಲ್ಲಿರುವ ಆ ಹಾಡಿನ ವಿಷಯವಾಗಿ ತಿಳಿದುಬಂದಿರುವ ಲಿಖಿತಗಳಲ್ಲಿ ಅದೇ ಮೊದಲನೆಯದು.

ಹಾಳೆಗಳನ್ನು ಕೂಡಿಸುವ ಕೆಲಸವನ್ನು ಮೊದಲು ಆರಂಭಿಸಿದವನು ಪೀಪ್ಸನಲ್ಲ, ಜಾನ್ ಸೆಲ್ಡನ್ ಎಂಬ ಮಹಾಪಂಡಿತನು. ಇಬ್ರಿಯ ಭಾಷೆಯಲ್ಲಿಯೂ ನ್ಯಾಯಶಾಸ್ತ್ರದಲ್ಲಿಯೂ ಆ ಕಾಲದಲ್ಲಿ ಅವನಿಗೆ ಸಮಾನರು ಕಡಿಮೆ. ಅಂಥವನು ಬೀದಿಯ ಹಾಡುಗಳನ್ನು ಕೂಡಿಸಿದ್ದನು. ಅವನು 1654ರಲ್ಲಿ ತೀರಿಕೊಂಡನು. ಮುಂದೆ ಆ ಕಟ್ಟು ಪೀಪ್ಸನ ಕೈಸೇರಿತು. ಪೀಪ್ಸನು ಅದಕ್ಕೆ ಇನ್ನೂ ಹಳೆಯ ಹಾಳೆಗಳನ್ನು ಹುಡುಕಿ ಸೇರಿಸಿದ್ದಲ್ಲದೆ, ತನ್ನ ಕಾಲದಲ್ಲಿ ಹೊಸದಾಗಿ ಬರುತ್ತಿದ್ದವುಗಳನ್ನೂ 1700ನೆಯ ಇಸವಿಯ ವರೆಗೆ ಕೂಡಿಸುತ್ತಾ ಬಂದನು. ಅಲ್ಲಿಗೆ ಯಾಕೆ ನಿಲ್ಲಿಸಿದನೆಂಬದಕ್ಕೆ ಅವನೇ ಕಾರಣವನ್ನು ಬರೆದಿಟ್ಟಿದ್ದಾನೆ. ಆ ಹೊತ್ತಿಗೆ ಅಚ್ಚುಕೂಟದವರು ಖರ್ಚನ್ನು ತಗ್ಗಿಸುವದಕ್ಕೋಸ್ಕರ ಕರಿಯಕ್ಷರಗಳನ್ನೂ ಚಿತ್ರಗಳನ್ನೂ ಬಿಟ್ಟು, ಸಾದಾ ಅಕ್ಷರದಲ್ಲಿ ಚಿತ್ರವಿಲ್ಲದೆ ಹಾಡುಗಳನ್ನು ಅಚ್ಚುಹಾಕತೊಡಗಿದ್ದರು. ಒಂದು ಪದ್ಧತಿಯು ಸಾಯುವದನ್ನು ಕಣ್ಣೆದುರಿಗೆ ಕಂಡು, ಇಂಥ ವರುಷದಲ್ಲಿ ಸತ್ತಿತು ಎಂದು ಗುರುತಿಸಿ ಇಡುವವರು ಎಷ್ಟು ಮಂದಿ ಇದ್ದಾರೆ?

ಹೀಗೆ ಕೂಡಿದ ಹಾಳೆಗಳು 1,800ಕ್ಕೂ ಹೆಚ್ಚು. ಅವನು ಅವುಗಳನ್ನು ಐದು ದೊಡ್ಡ ಪುಸ್ತಕಗಳಲ್ಲಿ ಅಂಟಿಸಿದನು. ಬಂದ ಹಾಗೆ ಅಂಟಿಸದೆ ಅವುಗಳನ್ನು ಹತ್ತು ವರ್ಗಗಳಾಗಿ ವಿಂಗಡಿಸಿದನು. ಭಕ್ತಿ ಮತ್ತು ನೀತಿಯ ಪದಗಳನ್ನು ಮೊದಲು ಇಟ್ಟನು. ಆಮೇಲೆ ನಿಜವಾದ ಮತ್ತು ಕಟ್ಟುಕಥೆಯ ಚರಿತ್ರೆಗಳು, ಕೊಲೆ, ಮರಣದಂಡನೆ, ದೇವರ ನ್ಯಾಯತೀರ್ಪುಗಳು, ರಾಜ್ಯದ ಮತ್ತು ಕಾಲದ ಸಂಗತಿಗಳು, ಸುಖವಾದ ಪ್ರೇಮ, ದುಃಖವಾದ ಪ್ರೇಮ, ಮದುವೆ, ಸಮುದ್ರ, ಕುಡಿತ, ಕೊನೆಗೆ ಹಾಸ್ಯ ಮತ್ತು ಮಿಶ್ರವಾದವುಗಳು. ಹಡಗಿನ ಸಾಮಾನುಗಳನ್ನು ಪಟ್ಟಿಮಾಡಿದ ಕೈಯೇ ಹಾಡುಗಳನ್ನೂ ಪಟ್ಟಿಮಾಡಿತೆಂದು ನೋಡಿದವರಿಗೆ ಸ್ಪಷ್ಟವಾಗಿ ತೋರುತ್ತದೆ. ಒಂದು ಕೊರತೆಯನ್ನು ಹೇಳಬೇಕು. ಪುಸ್ತಕದ ಪುಟಕ್ಕೆ ಸರಿಹೋಗುವಂತೆ ಅವನು ಹಾಳೆಗಳ ಅಂಚುಗಳನ್ನು ಕತ್ತರಿಸಿದನು, ಅಗಲವಾದವುಗಳನ್ನು ಎರಡು ತುಂಡುಮಾಡಿದನು. ಉಳಿಸುವವನೇ ಕತ್ತರಿಯನ್ನು ಹಿಡಿದದ್ದು ನಮ್ಮನ್ನು ನೋಯಿಸುತ್ತದೆ. ಆದರೂ ಕತ್ತರಿಸಿ ಉಳಿದ ಹಾಳೆಯು ಒಲೆಗೆ ಹೋದ ಪೂರ್ಣ ಹಾಳೆಗಿಂತ ಲೇಸು.

ಹಾಡುಗಳಲ್ಲದೆ ಪೆನ್ನಿ ಬೆಲೆಯ ಸಣ್ಣ ಪುಸ್ತಕಗಳನ್ನೂ ಅವನು ಬೇರೆ ಕಟ್ಟಿಸಿದನು. ನಗುವಿನ ಪುಸ್ತಕಗಳನ್ನು ಒಂದು ಕಡೆಗೂ, ಭಕ್ತಿಯ ಪುಸ್ತಕಗಳನ್ನು ಇನ್ನೊಂದು ಕಡೆಗೂ ಇಟ್ಟು, ಎರಡಕ್ಕೂ ಪೆನ್ನಿಯ ಹೆಸರನ್ನೇ ಸೇರಿಸಿ ಹೆಸರಿಟ್ಟನು. ಬುಟ್ಟಿಯನ್ನು ಹೊತ್ತುಕೊಂಡು ಊರೂರು ತಿರುಗುವ ವ್ಯಾಪಾರಿಗಳು ಸೂಜಿ, ದಾರ, ಪಟ್ಟಿ ಇವುಗಳ ಜೊತೆಗೆ ಈ ಪುಸ್ತಕಗಳನ್ನೂ ಮಾರುತ್ತಿದ್ದರು. ಮರಣಶಯ್ಯೆಯ ಎಚ್ಚರಿಕೆಗಳು, ಯೌವನಸ್ಥರಿಗೆ ಬುದ್ಧಿವಾದಗಳು, ಕ್ರಿಸ್ತನ ಬಳಿಗೆ ಬರುವ ದಾರಿ, ಇಂಥವೇ ಭಕ್ತಿಯ ಪುಸ್ತಕಗಳ ವಿಷಯಗಳು. ಆ ಕಾಲದ ದೊಡ್ಡ ಬೋಧಕರ ಪ್ರಸಂಗಗಳು ತೊಗಲಿನ ಹೊದಿಕೆಯಲ್ಲಿ ಭದ್ರವಾಗಿ ಉಳಿದಿವೆ. ಆದರೆ ಹೊಲದಲ್ಲಿ ದುಡಿಯುವ ವಿಶ್ವಾಸಿಯು ಒಂದು ಪೆನ್ನಿ ಕೊಟ್ಟು ಏನನ್ನು ಓದಿದನು, ದೀಪದ ಬೆಳಕಿನಲ್ಲಿ ಅವನ ಹೆಂಡತಿಯು ಏನನ್ನು ಹಾಡಿದಳು, ಅವರ ಗೋಡೆಯ ಮೇಲೆ ಯಾವ ಚಿತ್ರವಿತ್ತು ಎಂಬದನ್ನು ಆ ಪ್ರಸಂಗಗಳಿಂದ ತಿಳಿಯಲಾಗದು. ಅದನ್ನು ತಿಳಿಸುವದು ಪೀಪ್ಸನ ಕಟ್ಟುಗಳು. ತಾನು ಹೆಚ್ಚಾಗಿ ಭಕ್ತನಲ್ಲದವನು ಬಡ ಭಕ್ತರ ಹಾಡುಗಳನ್ನು ಉಳಿಸಿದನು. ಭಕ್ತರಾದವರಿಗೆ ಅವುಗಳನ್ನು ಉಳಿಸಬೇಕೆಂದು ತೋಚಲಿಲ್ಲ.

ಇಲ್ಲಿ ಕೆಲವರು, ಭಕ್ತಿಯ ಪದಗಳನ್ನು ಉಳಿಸಿದ್ದು ಸರಿ, ಕುಡುಕರ ಪದಗಳನ್ನು ಯಾಕೆ ಉಳಿಸಬೇಕಾಗಿತ್ತು ಎಂದು ಕೇಳಬಹುದು. ಪೀಪ್ಸನಿಗೆ ಸುಡುವದೇನೂ ತಿಳಿಯದಿರಲಿಲ್ಲ. 1668ರಲ್ಲಿ ಒಂದು ಫ್ರೆಂಚ್ ಭಾಷೆಯ ಹೊಲಸು ಪುಸ್ತಕವನ್ನು ಕೊಂಡು, ಓದಿ, ತನ್ನ ಪುಸ್ತಕಗಳ ನಡುವೆ ಅದು ಸಿಕ್ಕಿದರೆ ಅವಮಾನವೆಂದು ಬೆಂಕಿಗೆ ಹಾಕಿದನು. (ಮೊದಲು ಓದಿ ಆಮೇಲೆ ಸುಟ್ಟದ್ದು ಅವನ ಸ್ವಭಾವಕ್ಕೆ ತಕ್ಕದ್ದೇ.) ಆದರೆ ಬೀದಿಯ ಪದಗಳನ್ನು ಅವನು ಆರಿಸಿ ಸುಡಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದು ಒಳ್ಳೆಯದೇ ಆಯಿತು. ಒಳ್ಳೆಯ ಪದಗಳನ್ನು ಮಾತ್ರ ಇಟ್ಟಿದ್ದರೆ ಆ ಕಾಲದ ಜನರೆಲ್ಲಾ ದೇವಭಕ್ತರೆಂದು ನಾವು ಭ್ರಮಿಸುತ್ತಿದ್ದೆವು. ಭಕ್ತಿಯ ಪದವನ್ನು ಬರೆದವನು ಯಾವ ಗದ್ದಲದ ನಡುವೆ ನಿಂತು ಹಾಡಿದನೆಂಬದೂ ತಿಳಿಯುತ್ತಿರಲಿಲ್ಲ.

ಪೀಪ್ಸನು ಅಚ್ಚಾದ ಸುಳ್ಳಿನ ಬಲವನ್ನು ತನ್ನ ಮೈಮೇಲೆಯೇ ಅನುಭವಿಸಿದವನು. 1678ರಲ್ಲಿ, ರೋಮನ್ ಮತದವರು ಅರಸನನ್ನು ಕೊಲ್ಲಲು ಒಳಸಂಚು ಮಾಡಿದ್ದಾರೆಂಬ ಸುಳ್ಳು ಸುದ್ದಿಯು ಇಂಗ್ಲೆಂಡಿನಲ್ಲೆಲ್ಲಾ ಹಬ್ಬಿತು. ಹಾಳೆಗಳೂ ಹಾಡುಗಳೂ ಆ ಬೆಂಕಿಗೆ ಎಣ್ಣೆ ಸುರಿದವು. ನಿರಪರಾಧಿಗಳು ಅನೇಕರು ಗಲ್ಲಿಗೇರಿದರು. 1679ರ ಮೇ ತಿಂಗಳಲ್ಲಿ ಪೀಪ್ಸನ ಮೇಲೂ ಅವನು ನೌಕಾಖಾತೆಯ ಗುಟ್ಟುಗಳನ್ನು ಫ್ರಾನ್ಸಿಗೆ ಮಾರಿದನೆಂದೂ ಒಳಗಿಂದೊಳಗೆ ರೋಮನ್ ಮತದವನೆಂದೂ ಅಪವಾದ ಹೊರಿಸಿ ಲಂಡನ್ ಕೋಟೆಯಲ್ಲಿ ಸೆರೆಯಿಟ್ಟರು. ಅವನು ಪರದೇಶಗಳಿಗೆ ಆಳುಗಳನ್ನು ಕಳುಹಿಸಿ, ಕಾಗದಪತ್ರಗಳನ್ನು ಕೂಡಿಸಿ, ಅಪವಾದಕನ ನಡತೆಯನ್ನು ಬಯಲಿಗೆ ತಂದನು. ಅವನ ಮನೆಯಿಂದ ತೆಗೆದುಹಾಕಲ್ಪಟ್ಟ ಸೇವಕನೊಬ್ಬನು ತಾನು ಸುಳ್ಳುಸಾಕ್ಷಿ ಹೇಳಿದೆನೆಂದು ಸಾಯುವಾಗ ಒಪ್ಪಿಕೊಂಡನು. 1680ರ ಜೂನಿನಲ್ಲಿ ವ್ಯಾಜ್ಯವು ಬಿದ್ದುಹೋಯಿತು. ತನ್ನನ್ನು ಸೆರೆಗೆ ತಳ್ಳಿದ ಆ ಕೋಲಾಹಲದ ಕಾಲದ ಪದಗಳು ಅವನ ಪುಸ್ತಕದಲ್ಲಿ ರಾಜ್ಯದ ಸಂಗತಿಗಳ ವರ್ಗದಲ್ಲಿ ಸೇರಿವೆ.

1684ರಲ್ಲಿ ಅವನು ನೌಕಾಖಾತೆಯ ಕಾರ್ಯದರ್ಶಿಯಾಗಿ ಮರಳಿ ಬಂದನು. ಅದೇ ವರುಷದಲ್ಲಿ ರಾಯಲ್ ಸೊಸೈಟಿ ಎಂಬ ವಿದ್ವಾಂಸರ ಸಭೆಗೆ ಅಧ್ಯಕ್ಷನಾದನು. 1687ರಲ್ಲಿ ಪ್ರಕಟವಾದ ನ್ಯೂಟನನ ಮಹಾಗ್ರಂಥದ ಮೊದಲನೆಯ ಪುಟದಲ್ಲಿ ಅಚ್ಚಿಗೆ ಅಪ್ಪಣೆಕೊಟ್ಟವನೆಂದು ಪೀಪ್ಸನ ಹೆಸರಿದೆ. ಗ್ರಹಗಳ ಗತಿಯ ಪುಸ್ತಕಕ್ಕೆ ಅಪ್ಪಣೆಕೊಟ್ಟ ಕೈಯೇ ಪೆನ್ನಿಯ ಪದಗಳಿಗೂ ಗೋಂದು ಹಚ್ಚಿತು. 1689ರಲ್ಲಿ ಅರಸನು ಬದಲಾದಾಗ ಉದ್ಯೋಗವನ್ನು ಬಿಟ್ಟು ಪುಸ್ತಕಗಳ ಮಧ್ಯದಲ್ಲಿ ಉಳಿದ ಆಯುಷ್ಯವನ್ನು ಕಳೆದನು. ಸರಕಾರವು ಅವನಿಗೆ ಕೊಡತಕ್ಕ 28,007 ಪೌಂಡು ಚಿಲ್ಲರೆ ಹಣವನ್ನು ಕಡೆಯ ವರೆಗೂ ಕೊಡಲಿಲ್ಲ.

ಪುಸ್ತಕಗಳಿಗಾಗಿ ಅವನು 1666ರಿಂದಲೇ ಓಕ್ ಮರದ ಗಾಜಿನ ಬಾಗಿಲುಗಳುಳ್ಳ ಕಪಾಟುಗಳನ್ನು ಹಡಗುಕಟ್ಟೆಯ ಬಡಗಿಯಿಂದ ಮಾಡಿಸಿದನು. ಅವು ಕಡೆಗೆ ಹನ್ನೆರಡಾದವು. ಪುಸ್ತಕಗಳನ್ನು ವಿಷಯದ ಪ್ರಕಾರವಲ್ಲ, ಗಾತ್ರದ ಪ್ರಕಾರ ಸಣ್ಣದರಿಂದ ದೊಡ್ಡದಕ್ಕೆ 1ರಿಂದ 3,000ದ ವರೆಗೆ ಅಂಕೆ ಹಾಕಿ ಸಾಲಾಗಿ ನಿಲ್ಲಿಸಿದನು. ಸಾಲಿನಲ್ಲಿ ಒಂದು ಪುಸ್ತಕವು ಗಿಡ್ಡವಾದರೆ ಅದರ ಕೆಳಗೆ ತೊಗಲು ಹೊದಿಸಿದ ಮರದ ತುಂಡನ್ನಿಟ್ಟು ತಲೆಗಳನ್ನು ಸಮಮಾಡಿದನು. ಹೀಗೆ ನಿಲ್ಲಿಸಿದ ಮೇಲೆ ಬೇಕಾದದ್ದನ್ನು ಹುಡುಕುವದಕ್ಕೆ ಪಟ್ಟಿಯಿಲ್ಲದೆ ಆಗದು. ಪಟ್ಟಿಗಳನ್ನು ಬರೆಯುವದರಲ್ಲಿ ಪೌಲ್ ಲೊರೇನ್ ಎಂಬ ಗುಮಾಸ್ತನು ಅವನಿಗೆ ಸಹಾಯಕನಾಗಿದ್ದನು. ಈ ಲೊರೇನನು ಮುಂದೆ ಬೋಧಕನಾಗಿ ನ್ಯೂಗೇಟ್ ಸೆರೆಮನೆಯಲ್ಲಿ ಮರಣದಂಡನೆಗೆ ಗುರಿಯಾದವರನ್ನು ಸಂಧಿಸುವ ಸೇವೆಗೆ ನೇಮಿಸಲ್ಪಟ್ಟು, ಅವರ ಅಂತ್ಯಕಾಲದ ಅರಿಕೆಗಳನ್ನು ತಾನೇ ಬಿಡಿಹಾಳೆಗಳಲ್ಲಿ ಅಚ್ಚುಹಾಕಿಸಿ ಮಾರಿದನು!

ಪೀಪ್ಸನು 1703ರ ಮೇ 26ರಲ್ಲಿ ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ಕ್ಲಾಪಮ್ ಎಂಬಲ್ಲಿ ತೀರಿಹೋದನು. ಪುಸ್ತಕಗಳನ್ನು ತಂಗಿಯ ಮಗನಾದ ಜಾನ್ ಜ್ಯಾಕ್ಸನನ ಪಾಲಿಗೆ ಬಿಟ್ಟು, ಅವನ ಕಾಲಾನಂತರ ಎಲ್ಲವೂ ಮಾಡ್ಲಿನ್ ಕಾಲೇಜಿಗೆ ಸೇರಬೇಕೆಂದು ಮರಣಪತ್ರದಲ್ಲಿ ಏರ್ಪಡಿಸಿದನು. ಒಂದು ಪುಸ್ತಕವನ್ನಾದರೂ ಸೇರಿಸಬಾರದು, ಒಂದನ್ನಾದರೂ ತೆಗೆಯಬಾರದು. ಈ ನಿಬಂಧನೆಗಳು ಮುರಿದರೆ ಸಂಗ್ರಹವೆಲ್ಲಾ ನೆರೆಯ ಟ್ರಿನಿಟಿ ಕಾಲೇಜಿಗೆ ಹೋಗತಕ್ಕದ್ದು. ಟ್ರಿನಿಟಿಯವರು ವರುಷಕ್ಕೊಮ್ಮೆ ಬಂದು ಪರೀಕ್ಷಿಸಬಹುದು. ಕಾವಲುಗಾರನಿಗೆ ಅವನ ಪ್ರತಿಸ್ಪರ್ಧಿಯನ್ನೇ ಕಾವಲಿಟ್ಟ ಈ ಉಪಾಯವು ಬಲು ಜಾಣತನದ್ದು. 1724ರಲ್ಲಿ ಕಪಾಟುಗಳೊಂದಿಗೆ 3,000 ಪುಸ್ತಕಗಳೂ ಕೇಂಬ್ರಿಜಿಗೆ ಬಂದವು. ದಿನಚರಿಯ ಆರು ಸಂಪುಟಗಳೂ ಹಾಡಿನ ಐದು ಸಂಪುಟಗಳೂ ಅವುಗಳಲ್ಲಿದ್ದವು.

ದಿನಚರಿಗಿಂತ ಮೊದಲು ಹೊರಲೋಕಕ್ಕೆ ಬಂದದ್ದು ಹಾಡುಗಳೇ. ತಾಮಸ್ ಪರ್ಸಿ ಎಂಬ ಬೋಧಕನು, ಮುಂದೆ ಐರ್ಲೆಂಡಿನಲ್ಲಿ ಬಿಷಪನಾದವನು, ಒಮ್ಮೆ ಸ್ನೇಹಿತನ ಮನೆಯಲ್ಲಿ ಕೆಲಸದ ಹೆಣ್ಣುಗಳು ಹಳೆಯ ಹಾಡುಗಳ ಕೈಬರಹದ ಪುಸ್ತಕವೊಂದರಿಂದ ಹಾಳೆಗಳನ್ನು ತೆಗೆದು ಒಲೆ ಹೊತ್ತಿಸುವದನ್ನು ಕಂಡು ಅದನ್ನು ಬೇಡಿ ತೆಗೆದುಕೊಂಡಿದ್ದನು. ಅವನು ಕೇಂಬ್ರಿಜಿಗೂ ಹೋಗಿ ಪೀಪ್ಸನ ಸಂಪುಟಗಳಿಂದ ಪದಗಳನ್ನು ನಕಲುಮಾಡಿಕೊಂಡು, 1765ರಲ್ಲಿ ಪ್ರಕಟಿಸಿದ ತನ್ನ ಪ್ರಾಚೀನ ಪದಗಳ ಗ್ರಂಥದಲ್ಲಿ ಸೇರಿಸಿದನು. ದಿನಚರಿಯ ಶೀಘ್ರಲಿಪಿಯನ್ನು ಜಾನ್ ಸ್ಮಿತ್ ಎಂಬವನು 1819ರಿಂದ ಮೂರು ವರುಷ ಕಷ್ಟಪಟ್ಟು ಬಿಡಿಸಿದ ಮೇಲೆ 1825ರಲ್ಲಿ ಅದರ ಒಂದು ಭಾಗವು ಅಚ್ಚಾಯಿತು.

ಹಾಡುಗಳಿಗೆ ಸರಿಯಾದ ವಿವರಣೆಯನ್ನು ಬರೆಯುವ ಕೆಲಸವು ಸುಲಭವಲ್ಲ. ಯಾಕಂದರೆ ಹಾಳೆಗಳಲ್ಲಿ ಇಸವಿ ಇರುವದೇ ಅಪರೂಪ; ಹಳೆಯ ಪದವು ಹೊಸದೆಂದು ತೋರಿದರೆ ವ್ಯಾಪಾರಕ್ಕೆ ಲಾಭವಲ್ಲವೇ? ಆದಕಾರಣ ಅಚ್ಚಿನವನ ಹೆಸರನ್ನು ಹಿಡಿದು ಅವನ ಅಂಗಡಿಯು ಯಾವ ಬೀದಿಯಲ್ಲಿ ಯಾವ ವರುಷಗಳಲ್ಲಿ ಇತ್ತೆಂದು ವಿಚಾರಿಸಬೇಕು. ಧಾಟಿಯ ಹೆಸರನ್ನು ನೋಡಿ ಆ ಧಾಟಿಯು ಹುಟ್ಟಿದ ಕಾಲವನ್ನು ಅರಿಯಬೇಕು. ಮರದ ಚಿತ್ರದಲ್ಲಿ ಬಿರುಕಾಗಲಿ ಹುಳ ಕೊರೆದ ತೂತಾಗಲಿ ಕಂಡರೆ, ಬಿರುಕಿಲ್ಲದ ಹಾಳೆಯು ಮೊದಲಿನದು, ಬಿರುಕುಳ್ಳದ್ದು ಆಮೇಲಿನದು ಎಂದು ತಿಳಿಯಬಹುದು. ಅಂಚುಗಳನ್ನು ಪೀಪ್ಸನು ಕತ್ತರಿಸಿದ್ದು ಇಲ್ಲಿಯೇ ಹೆಚ್ಚಾಗಿ ಬಾಧಿಸುತ್ತದೆ. ಅಮೇರಿಕದ ಪಂಡಿತನಾದ ಹೈಡರ್ ರಾಲಿನ್ಸನು 1929ರಿಂದ 1932ರ ವರೆಗೆ ಎಂಟು ಸಂಪುಟಗಳಲ್ಲಿ ಆರಿಸಿದ ಪದಗಳನ್ನು ವಿವರಣೆಯೊಂದಿಗೆ ಪ್ರಕಟಿಸಿದನು. 1987ರಲ್ಲಿ ಐದು ಸಂಪುಟಗಳ ಛಾಯಾಪ್ರತಿಗಳು ಅಚ್ಚಾದವು. 2003ರಲ್ಲಿ ಅಮೇರಿಕದ ಸಾಂತಾ ಬಾರ್ಬರಾ ಪಟ್ಟಣದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇಂಗ್ಲಿಷ್ ಹಾಡಿನ ಹಾಳೆಗಳನ್ನೆಲ್ಲಾ ಒಂದೇ ಕಡೆಯಲ್ಲಿ ಕೂಡಿಸುವ ಕೆಲಸಕ್ಕೆ ಕೈಹಾಕಿದಾಗ, ಪೀಪ್ಸನ ಸಂಗ್ರಹದಿಂದಲೇ ಆರಂಭಿಸಿದರು. ಒಂದೊಂದು ಹಾಳೆಯ ಚಿತ್ರವನ್ನೂ ತೆಗೆದು, ಕರಿಯಕ್ಷರವನ್ನು ಓದಲಾರದವರಿಗಾಗಿ ಈಗಿನ ಅಕ್ಷರದಲ್ಲಿ ಬರೆಯಿಸಿ, ಯಾವ ದೇಶದವರಾದರೂ ಕಾಸು ಕೊಡದೆ ನೋಡುವಂತೆ ತೆರೆದಿಟ್ಟರು. ಧಾಟಿಯು ತಿಳಿದಿರುವ ಪದಗಳನ್ನು ಗಾಯಕರಿಂದ ಹಾಡಿಸಿಯೂ ಇದ್ದಾರೆ. ಆ ಹಾಳೆಗಳ ಪೈಕಿ ಅನೇಕವುಗಳಿಗೆ ಲೋಕದಲ್ಲಿ ಎರಡನೆಯ ಪ್ರತಿಯಿಲ್ಲ. ಮೂಲ ಹಾಳೆಗಳು ಮಾಡ್ಲಿನ್ ಕಾಲೇಜಿನಲ್ಲಿ ಆ ಗಾಜಿನ ಕಪಾಟುಗಳಲ್ಲಿ ಪೀಪ್ಸನು ಹಾಕಿದ ಅಂಕೆಗಳ ಪ್ರಕಾರವೇ ಇವೆ.